ಅಳತೆ ಪುಸ್ತಕದಲ್ಲಿ ಎರಡು ಕೈಬರಹ

(ಚಿತ್ರದುರ್ಗದಲ್ಲಿ ಒಂದು ಭಾನುವಾರ ಬೆಳಗ್ಗೆ ಬಹು ವ್ಯಕ್ತಿತ್ವ ಮತ್ತು ನೆನಪಿನ ಬಗ್ಗೆ ಮಾಡಿದ ಉಪನ್ಯಾಸದ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಇಟ್ಟುಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಇಂಥ ವಿಷಯ ಕೇಳೋಕೆ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಹಿಂದಿನ ಸಾಲಿನವರಿಗೆ ಮೈಕ್ ಕೇಳಿಸದಿದ್ದರೆ ಕೈ ಎತ್ತಿ. ನಾನು ಮಾತು ಶುರು ಮಾಡಿದರೆ ನಿಲ್ಲಿಸೋದು ಕಷ್ಟ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಮೊದಲು ಒಂದು ಪುಸ್ತಕದ ವಿಷಯ. ಓದುವ ಪುಸ್ತಕ ಅಲ್ಲ. ಟೈಲರ್‌ಗಳು ಅಳತೆ ಬರೆದುಕೊಳ್ಳುತ್ತಾರಲ್ಲ, ಉದ್ದನೆಯ ರಟ್ಟಿನ ಪುಸ್ತಕ, ಅದು. ಬಹಳ ವರ್ಷಗಳ ಹಿಂದೆ ಚಳ್ಳಕೆರೆ ಕಡೆಯ ಒಬ್ಬ ಹೆಣ್ಣುಮಗಳು ಅದನ್ನು ಬಟ್ಟೆ ಚೀಲದಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಜೊತೆಗೆ ಅತ್ತೆ ಬಂದಿದ್ದರು. ಅತ್ತೆ ಹೇಳಿದ್ದು ಒಂದೇ ಮಾತು, "ಮೇಡಂ, ಇವಳಿಗೆ ಗಾಳಿ ಸೋಕಿದೆ ಅಂತಾರೆ, ನನಗೆ ಹಂಗನ್ನಿಸಲ್ಲ, ನೀವು ಒಂದ್ಸಲ ನೋಡಿ." ಆಕೆ ಏನೂ ಮಾತಾಡದೆ ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟಳು. ಎಡಗಡೆ ಪುಟದಲ್ಲಿ ಗುಂಡಗಿನ ಅಕ್ಷರ, ನೀಲಿ ಪೆನ್ನು. ಎದೆ 34, ಸೊಂಟ 30, ತೋಳು 9, ಎಲ್ಲ ಒಂದರ ಕೆಳಗೆ ಒಂದು, ಅಚ್ಚುಕಟ್ಟು. ಬಲಗಡೆ ಪುಟದಲ್ಲಿ ಅಳತೆಗಳು ಅಡ್ಡಾದಿಡ್ಡಿ. ಅಕ್ಷರ ಬಲಕ್ಕೆ ವಾಲಿವೆ. ಒತ್ತಿ ಬರೆದು ಹಾಳೆ ಹಿಂದುಗಡೆ ಉಬ್ಬಿದೆ. ಆ ಪುಟಕ್ಕೆ ಒಂದು ಬಟ್ಟೆ ಚೂರನ್ನು ಗುಂಡುಪಿನ್ನಿನಿಂದ ಚುಚ್ಚಿತ್ತು. "ಈ ಪುಟ ನಾನು ಬರೆದದ್ದಲ್ಲ. ಈ ಬಟ್ಟೆ ಯಾರು ತಂದುಕೊಟ್ಟರು ಗೊತ್ತಿಲ್ಲ. ಆದರೆ ಬ್ಲೌಸ್ ಹೊಲಿದು ಮುಗಿದಿದೆ. ಹೊಲಿಗೆ ನನ್ನದೇ" ಅಂದಳು.

ಹೊಲಿಗೆ ನನ್ನದೇ, ಬರಹ ನನ್ನದಲ್ಲ. ಇವತ್ತಿನ ಮಾತೆಲ್ಲ ಈ ಎರಡರ ನಡುವೆ ಓಡಾಡುತ್ತದೆ.

ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಆಕೆ ಒಬ್ಬಳೇ ಅಲ್ಲ. ನಾನು ನೋಡಿದ ಎರಡು ಮೂರು ಜನರನ್ನು ಸೇರಿಸಿ ಒಬ್ಬಳನ್ನು ಮಾಡಿದ್ದೇನೆ. ಊರು, ಕಸುಬು, ಮನೆ ವಿವರ ಬದಲಿಸಿದ್ದೇನೆ. ಇಲ್ಲಿ ಚಳ್ಳಕೆರೆಯವರು ಯಾರಾದರೂ ಇದ್ದರೆ ಸುಮ್ನೆ ತಲೆ ಕೆಡಿಸಿಕೊಂಡು ಹುಡುಕೋಕೆ ಹೋಗಬೇಡಿ.

ಬಹು ವ್ಯಕ್ತಿತ್ವದ ಈ ಕಾಯಿಲೆಯನ್ನು ನಮ್ಮ ಜನ ಸಿನಿಮಾದಲ್ಲಿ ನೋಡಿದ್ದಾರೆ. ಕಣ್ಣು ಕೆಂಪಾಗುತ್ತೆ, ಮಂಚ ಎತ್ತುತ್ತಾರೆ, ಗೊತ್ತಿಲ್ಲದ ಭಾಷೆ ಮಾತಾಡುತ್ತಾರೆ. ನಿಜ ಜೀವನದಲ್ಲಿ ಇಷ್ಟು ಅಬ್ಬರ ಕಡಿಮೆ. ಹೆಚ್ಚಿನವರು ಅದನ್ನು ಮುಚ್ಚಿಟ್ಟುಕೊಂಡೇ ಬದುಕುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 1980ರಲ್ಲಿ ಇದಕ್ಕೆ ಮಲ್ಟಿಪಲ್ ಪರ್ಸನಾಲಿಟಿ ಅಂತ ಹೆಸರಿತ್ತು. 1994ರಲ್ಲಿ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂತ ಬದಲಾಯಿತು. ನಾವು ಡಿಐಡಿ ಅನ್ನೋಣ. ಹೆಸರು ಬದಲಿಸಿದ್ದು ಸುಮ್ನೆ ಅಲ್ಲ. ಹಳೇ ಹೆಸರು ಕೇಳಿದರೆ ಒಂದು ಮೈಯಲ್ಲಿ ನಾಲ್ಕು ಜನ ಬಾಡಿಗೆಗೆ ಇದ್ದಾರೆ ಅನ್ನಿಸುತ್ತದೆ. ಹೊಸ ಹೆಸರಿನ ಪ್ರಕಾರ ಅಲ್ಲಿ ಇರೋದು ಒಬ್ಬರೇ, ಆ ಒಬ್ಬರು ಒಂದಾಗಿ ಕೂಡಿಲ್ಲ ಅಷ್ಟೆ. ಜನ ಜಾಸ್ತಿ ಆಗಿದ್ದಾರೆ ಅನ್ನೋದಲ್ಲ ತೊಂದರೆ, ಒಬ್ಬರಾಗೋಕೆ ಬೇಕಾದದ್ದು ಕಡಿಮೆ ಬಿದ್ದಿದೆ. ನನಗೆ ಈ ಎರಡನೇ ಲೆಕ್ಕವೇ ಸರಿ ಅನ್ನಿಸುತ್ತದೆ. ಅಂದ ಹಾಗೆ ಇದಕ್ಕೂ ಸ್ಕಿಜೋಫ್ರೀನಿಯಾ ಅನ್ನುವ ಬೇರೆ ಮಾನಸಿಕ ಕಾಯಿಲೆಗೂ ಸಂಬಂಧ ಇಲ್ಲ. ಪೇಪರಿನವರು ಎರಡನ್ನೂ ಕಲಸಿ ಬರೆಯೋದನ್ನು ಯಾವಾಗ ಬಿಡುತ್ತಾರೋ ದೇವರೇ ಬಲ್ಲ.

ಈಗ ನೆನಪಿಗೆ ಬರೋಣ. ನೆನಪು ಅಂದರೆ ಬೀರು, ಒಳಗೆ ಇಟ್ಟಿದ್ದು ಅಲ್ಲೇ ಇರುತ್ತೆ ಅಂತ ನಾವು ತಿಳಿದುಕೊಂಡಿದ್ದೇವೆ. ಹಾಗಿಲ್ಲ. ಅಡುಗೆಮನೆಯಿಂದ ಏನೋ ತರೋಕೆ ಅಂತ ಎದ್ದು ಹೋಗುತ್ತೀರಿ, ಅಲ್ಲಿ ಹೋದ ಮೇಲೆ ಮರೆತು ನಿಂತಿರುತ್ತೀರಿ. ವಾಪಸ್ ಬಂದು ಕುರ್ಚಿಯಲ್ಲಿ ಕೂತ ತಕ್ಷಣ ನೆನಪಾಗುತ್ತದೆ. 1975ರಲ್ಲಿ ಗಾಡನ್ ಮತ್ತು ಬ್ಯಾಡ್ಲಿ ಎಂಬ ಇಬ್ಬರು ಮನಃಶಾಸ್ತ್ರಜ್ಞರು ಇದನ್ನೇ ಮುಳುಗುಗಾರರ ಮೇಲೆ ಪರೀಕ್ಷೆ ಮಾಡಿದರು. ಕೆಲವು ಪದಗಳನ್ನು ನೀರಿನಡಿಯಲ್ಲಿ ಕಲಿಸಿದರು, ಕೆಲವನ್ನು ದಡದಲ್ಲಿ. ನೀರಿನಡಿ ಕಲಿತದ್ದು ನೀರಿನಡಿಯಲ್ಲೇ ಚೆನ್ನಾಗಿ ನೆನಪಿಗೆ ಬಂತು, ದಡದ್ದು ದಡದಲ್ಲಿ. ಎಲ್ಲಿ, ಯಾವ ಸ್ಥಿತಿಯಲ್ಲಿ ಕಲಿತೆವೋ ಆ ಸ್ಥಿತಿಯೇ ನೆನಪಿನ ಬೀಗದ ಕೈ ಆಗುತ್ತದೆ. ಒಂದು ಮಗು ವಿಪರೀತ ಭಯದಲ್ಲಿ ಇದ್ದಾಗ ಆದದ್ದು ಆ ಭಯದ ನೀರಿನಡಿಯಲ್ಲೇ ಉಳಿದುಬಿಟ್ಟರೆ? ದಡದಲ್ಲಿ ಆಟವಾಡುವಾಗ, ಶಾಲೆಗೆ ಹೋಗುವಾಗ ಅದಕ್ಕೆ ಕೈ ಹಾಕೋಕೆ ಆಗದಿದ್ದರೆ? ಡಿಐಡಿ ಪೂರ್ತಿ ಇಷ್ಟೇ ಅಂತಲ್ಲ. ಆದರೆ ಶುರು ಹೀಗೆ ಎಂದು ಅನೇಕ ತಜ್ಞರು ಹೇಳುತ್ತಾರೆ. ಯುರೋಪ್, ಅಮೆರಿಕ, ಕೆನಡಾಗಳಲ್ಲಿ ಡಿಐಡಿ ಇರುವವರಲ್ಲಿ ಸುಮಾರು ನೂರಕ್ಕೆ 90 ಜನರ ಬಾಲ್ಯದಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯದ ಕಥೆ ಇದೆ. ಚಿಕ್ಕ ಮಗುವಿನಲ್ಲಿ "ನಾನು" ಅನ್ನೋದು ಇನ್ನೂ ಹೊಲಿದು ಮುಗಿದಿರೋದಿಲ್ಲ. ತೋಳು ಬೇರೆ, ಬೆನ್ನು ಬೇರೆ, ಕತ್ತರಿಸಿದ ತುಂಡುಗಳಾಗಿಯೇ ಇರುತ್ತದೆ. ಕೂಡಿಸಿ ಹೊಲಿಯುವ ವಯಸ್ಸಿನಲ್ಲಿ ಮನೆಯೇ ಹೆದರಿಸುತ್ತಿದ್ದರೆ ಆ ತುಂಡುಗಳು ಹಾಗೇ ಉಳಿಯುತ್ತವೆ.

ನೆನಪು ಒಂದೇ ಬಗೆಯದ್ದೂ ಅಲ್ಲ. 1953ರಲ್ಲಿ ಹೆನ್ರಿ ಮೊಲೈಸನ್ ಎಂಬ ಅಮೆರಿಕದ ಯುವಕನಿಗೆ ಫಿಟ್ಸ್ ನಿಲ್ಲಿಸೋಕೆ ಮಿದುಳಿನ ಆಪರೇಷನ್ ಮಾಡಿದರು. ಆಮೇಲೆ ಅವನಿಗೆ ಹೊಸ ಘಟನೆ ಯಾವುದೂ ನೆನಪಲ್ಲಿ ನಿಲ್ಲಲಿಲ್ಲ. ಬ್ರೆಂಡಾ ಮಿಲ್ನರ್ ಎಂಬ ಮನಃಶಾಸ್ತ್ರಜ್ಞೆ ಅವನಿಗೆ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ಎಳೆಯುವ ಕೆಲಸ ಕೊಟ್ಟರು. ಪ್ರತಿ ಸಲವೂ ಅವನಿಗೆ ಅದು ಹೊಸ ಕೆಲಸ. ಆದರೂ ದಿನದಿಂದ ದಿನಕ್ಕೆ ಅವನ ಕೈ ಪಳಗುತ್ತಾ ಹೋಯಿತು. ಅವನಿಗೆ ಗೊತ್ತಿಲ್ಲ, ಅವನ ಕೈಗೆ ಗೊತ್ತು.

ನಮ್ಮ ಟೈಲರ್ ಹೆಣ್ಣುಮಗಳ ಒಳಗೆ ಒಬ್ಬ ಚಿಕ್ಕವಳಿದ್ದಳು. ಆಕೆಯೇ ಅದನ್ನು "ಚಿಕ್ಕೋಳು" ಅಂತ ಕರೆಯುತ್ತಿದ್ದಳು. ಎಂಟು ವರ್ಷದ ಹುಡುಗಿಯ ದನಿ, ಕಾಲು ಮಡಚಿ ಕುರ್ಚಿ ಮೇಲೆ ಇಟ್ಟುಕೊಂಡು ಕೂರುವ ಭಂಗಿ. "ನಂಗೆ ಹೊಲಿಯೋಕೆ ಬರಲ್ಲ, ಮಿಷನ್ ಮುಟ್ಟಿದ್ರೆ ಅವ್ವ ಬೈತಾಳೆ" ಅನ್ನುತ್ತಿದ್ದಳು. ಒಂದು ದಿನ ಹಾಗೆ ಮಾತಾಡುತ್ತಾ ಇದ್ದವಳ ಮುಂದೆ ದಾರ ಬಿಟ್ಟಿದ್ದ ನನ್ನ ಚೀಲದ ಅಂಚನ್ನು ಇಟ್ಟೆ, ಸೂಜಿ ದಾರವನ್ನೂ ಇಟ್ಟೆ. ಮಾತು ನಿಲ್ಲಿಸದೆ ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ, ಒಂದೇ ಸಲಕ್ಕೆ ಸೂಜಿಗೆ ಪೋಣಿಸಿ, ಹೆಮ್ಮಿಂಗ್ ಶುರು ಮಾಡಿದಳು. ಸಣ್ಣ ಸಣ್ಣ ಹೊಲಿಗೆ, ಒಂದರಷ್ಟೇ ಇನ್ನೊಂದು. ಎಂಟು ವರ್ಷದ ಹುಡುಗಿಯ ಹೊಲಿಗೆ ಅಲ್ಲ ಅದು. ಕೈ ನೋಡಿಕೊಂಡ ಕ್ಷಣ ಆಕೆಗೂ ಗಾಬರಿ ಆಯಿತು, ಸೂಜಿ ಕೆಳಗೆ ಬಿತ್ತು.

ಹಾಗಾದರೆ ನಾಟಕವಾ? ಇಲ್ಲಿ ಎಲ್ಲರಿಗೂ ಬರುವ ಅನುಮಾನ ಇದು. ನನಗೂ ಬಂದಿತ್ತು. ಇದಕ್ಕೆ ಸಿಕ್ಕ ಒಳ್ಳೆಯ ಉತ್ತರ ನೆದರ್ಲ್ಯಾಂಡ್ಸ್‌ನದ್ದು. ರಾಫೆಲೆ ಹುಂಟ್ಯೆನ್ಸ್ ಮತ್ತು ಅವರ ಜೊತೆಗಾರರು ಡಿಐಡಿ ಇರುವವರಿಗೆ ಪದಗಳ ಪಟ್ಟಿ ಕಲಿಸಿದರು. ಒಂದು ಸ್ಥಿತಿಯಲ್ಲಿ ಒಂದು ಪಟ್ಟಿ. ಆಮೇಲೆ ಇನ್ನೊಂದು ಸ್ಥಿತಿಗೆ ಹೊರಳಿದ ಮೇಲೆ ಕೇಳಿದರೆ, "ಆ ಪಟ್ಟಿ ನಾನು ನೋಡೇ ಇಲ್ಲ" ಅಂತ ಉತ್ತರ. ಆದರೆ ಬೇರೆ ಬೇರೆ ಬಗೆಯಲ್ಲಿ ಪರೀಕ್ಷೆ ಮಾಡಿದಾಗ ಮೊದಲ ಪಟ್ಟಿಯ ಗುರುತು ಅಲ್ಲೇ ಇತ್ತು. 2003ರಲ್ಲಿ ಈ ಫಲಿತಾಂಶ ಬಂತು. 2012ರಲ್ಲಿ ಅವರ ಸ್ವಂತ ಬದುಕಿನ ವಿವರಗಳನ್ನು ಇಟ್ಟುಕೊಂಡು ನೋಡಿದಾಗಲೂ ಹಾಗೇ ಆಯಿತು. ನೆನಪಿಲ್ಲ ಅಂದ ವಿವರ ಕಣ್ಣಿಗೆ ಬಿದ್ದಾಗ ಉತ್ತರ ಕೊಡುವ ವೇಗದಲ್ಲೇ ಪರಿಚಯ ಇಣುಕಿತು.

ಇದನ್ನು ಓದಿ ಕೆಲವರು "ನೋಡಿದ್ರಾ, ಎಲ್ಲ ಸುಳ್ಳು" ಅಂದರು. ನನಗೆ ಕಂಡದ್ದು ಬೇರೆ. ನೆನಪು ಅಳಿಸಿಹೋಗಿಲ್ಲ. ಒಂದು ಕಡೆಯಿಂದ ಇನ್ನೊಂದು ಕಡೆಗೆ ದಾಟುತ್ತಲೂ ಇದೆ. ದಾಟದೇ ಇರೋದು "ಇದು ನನ್ನದು" ಅನ್ನುವ ಭಾವ. ಸಂತೆಯಲ್ಲಿ ಕಳೆದುಹೋದ ಚೀಲ ನಿಮ್ಮ ಎದುರಿಗೇ ಇದೆ, ಒಳಗೆ ಏನಿದೆ ಅಂತ ಕೈಗೆ ಗೊತ್ತು, ಆದರೂ ಯಾರೋ ಬೇರೆಯವರದ್ದು ಅಂತ ಪಕ್ಕಕ್ಕೆ ಸರಿಸಿ ಹೋಗುತ್ತೀರಿ. ಹಾಗೆ. 2003ರಲ್ಲೇ ಸಿಮೋನೆ ರೈಂಡರ್ಸ್ ಅವರ ತಂಡ 11 ಹೆಣ್ಣುಮಕ್ಕಳ ಮಿದುಳಿನ ಸ್ಕ್ಯಾನ್ ಮಾಡಿತು. ಅವರದೇ ಕಹಿ ನೆನಪಿನ ವಿವರಣೆಯನ್ನು ಓದಿ ಕೇಳಿಸಿದರು. ಒಂದು ಸ್ಥಿತಿಯಲ್ಲಿ ಅದು ತನ್ನದೇ ನೋವು, ಮಿದುಳಿನ ಕೆಲಸವೂ ಹಾಗೇ ಇತ್ತು. ಇನ್ನೊಂದು ಸ್ಥಿತಿಯಲ್ಲಿ ಅದೇ ಮಾತು, ಅದೇ ಕಿವಿ, ಆದರೆ ಯಾರದೋ ಕಥೆ ಕೇಳಿದ ಹಾಗೆ. ನಾಟಕ ಮಾಡಿ ಅಂತ ಬೇರೆಯವರಿಗೆ ಹೇಳಿಕೊಟ್ಟು ಮುಂದೆ 2012ರಲ್ಲಿ ಹೋಲಿಸಿ ನೋಡಿದಾಗ ಅವರಲ್ಲಿ ಆ ವ್ಯತ್ಯಾಸ ಹಾಗೆ ಬರಲಿಲ್ಲ.

ಈಗ ಒಂದು ಹಳೆಯ ಕಥೆ. ನನಗೆ ಇದು ಬಹಳ ಇಷ್ಟ, ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ. 1887ರ ಜನವರಿ 17. ಅಮೆರಿಕದ ರೋಡ್ ಐಲೆಂಡ್‌ನಲ್ಲಿ ಆನ್ಸೆಲ್ ಬೋರ್ನ್ ಎಂಬ ಧರ್ಮಬೋಧಕ ಜಮೀನು ಕೊಳ್ಳೋಕೆ ಅಂತ ಬ್ಯಾಂಕಿನಿಂದ 551 ಡಾಲರ್ ತೆಗೆದ. ಕುದುರೆ ಎಳೆಯುವ ಟ್ರಾಮ್ ಹತ್ತಿದ. ಅಲ್ಲಿಗೆ ಅವನ ನೆನಪು ನಿಂತಿತು. ಎರಡು ತಿಂಗಳು ಮನೆಯವರಿಗೆ ಪತ್ತೆ ಇಲ್ಲ. ಮಾರ್ಚ್ 14ರ ಬೆಳಗ್ಗೆ ದೂರದ ಪೆನ್ಸಿಲ್ವೇನಿಯಾದ ನಾರಿಸ್ಟೌನ್ ಎಂಬ ಊರಲ್ಲಿ ಎ. ಜೆ. ಬ್ರೌನ್ ಎಂಬ ಅಂಗಡಿಯವನು ಗಾಬರಿಯಿಂದ ಎದ್ದು, ನಾನು ಎಲ್ಲಿದ್ದೇನೆ ಅಂತ ಅಕ್ಕಪಕ್ಕದವರನ್ನು ಕೇಳಿದ. ತನ್ನ ಹೆಸರು ಬೋರ್ನ್, ಅಂಗಡಿ ವ್ಯಾಪಾರ ತನಗೆ ಗೊತ್ತೇ ಇಲ್ಲ ಅಂದ. ಆರು ವಾರದಿಂದ ಅವನು ಅಲ್ಲಿ ಮಿಠಾಯಿ, ಹಣ್ಣು, ಕಾಗದ ಸಾಮಾನು ಮಾರುತ್ತಿದ್ದ. ಯಾರಿಗೂ ಅನುಮಾನ ಬಂದಿರಲಿಲ್ಲ. ಜನ ಹುಚ್ಚು ಹಿಡಿದಿದೆ ಅಂದುಕೊಂಡರು.

1890ರಲ್ಲಿ ವಿಲಿಯಂ ಜೇಮ್ಸ್ ಎಂಬ ದೊಡ್ಡ ಮನಃಶಾಸ್ತ್ರಜ್ಞ ಬೋರ್ನ್‌ನನ್ನು ಸಮ್ಮೋಹನಕ್ಕೆ ಒಳಪಡಿಸಿದ. ಬ್ರೌನ್ ಎದ್ದು ಬಂದ. ಆ ಎರಡು ತಿಂಗಳು ಅವನಿಗೆ ಚೆನ್ನಾಗಿ ನೆನಪಿತ್ತು. ಬೋರ್ನ್ ಅನ್ನುವವನ ಹೆಸರು ಕೇಳಿದ್ದೇನೆ, ಭೇಟಿಯಾದ ನೆನಪಿಲ್ಲ ಅಂದ. ಬೋರ್ನ್‌ನ ಹೆಂಡತಿಯನ್ನು ಎದುರಿಗೆ ತಂದು ನಿಲ್ಲಿಸಿದರೆ ಈ ಹೆಂಗಸನ್ನು ನೋಡೇ ಇಲ್ಲ ಅಂದ. ಪಾಪ ಆ ತಾಯಿ. ಜೇಮ್ಸ್‌ಗೆ ಒಂದು ಆಸೆ ಇತ್ತು. ಇಬ್ಬರನ್ನೂ ಒಂದು ಮಾಡಿ, ನೆನಪಿನ ಎಳೆಯನ್ನು ಜೋಡಿಸಿಬಿಡಬೇಕು ಅಂತ. ಸಮ್ಮೋಹನದಲ್ಲಿ ಏನೇನೋ ಸೂಚನೆ ಕೊಟ್ಟು ನೋಡಿದ. ಆಗಲಿಲ್ಲ. ಆಗಲಿಲ್ಲ ಅಂತ ಬರೆದೂ ಇಟ್ಟ. ಸೋತದ್ದನ್ನು ಹಾಗೆ ಬರೆದಿಟ್ಟದ್ದಕ್ಕೆ ನನಗೆ ಅವನ ಮೇಲೆ ಗೌರವ.

ಯಾಕೆ ಆಗಲಿಲ್ಲ? ಗೋಡೆಗೆ ಅದರದೇ ಕೆಲಸ ಇರುತ್ತದೆ. ಅದನ್ನು ತಿಳಿದುಕೊಳ್ಳದೆ ಕೆಡವೋಕೆ ಹೋದರೆ ಅದು ಬೀಳೋದಿಲ್ಲ. ಬಿದ್ದರೂ ಜನರ ಮೇಲೆ ಬೀಳುತ್ತದೆ.

ನಾನೂ ಒಂದು ಸಲ ಕೆಡವೋಕೆ ಹೋಗಿದ್ದೆ. ಆಗ ಕೆಲಸಕ್ಕೆ ಸೇರಿ ಎರಡು ವರ್ಷ ಆಗಿರಬೇಕು. ಇಂಥದ್ದೊಂದು ಕೇಸ್ ಸಿಕ್ಕಿದ್ದೇ ತಡ, ಖುಷಿಯೋ ಖುಷಿ. ಪ್ರತಿ ವಾರ ಕೇಳುತ್ತಿದ್ದೆ, "ಒಳಗೆ ಇನ್ನೂ ಯಾರಾದರೂ ಇದ್ದಾರಾ?" ಮೂರು ಇದ್ದದ್ದು ಐದಾಯಿತು, ಐದು ಏಳಾಯಿತು. ಬರುವವರಿಗೆಲ್ಲ ಹೆಸರು, ವಯಸ್ಸು, ಇಷ್ಟದ ಬಣ್ಣ ಬರೆದುಕೊಂಡೆ. ನನ್ನ ಹಿರಿಯ ವೈದ್ಯರು ಆ ಪಟ್ಟಿ ನೋಡಿ, "ಏನಮ್ಮಾ, ನೀನು ಎಣಿಸ್ತಿದ್ದೀಯೋ, ಹೆರಿಸ್ತಿದ್ದೀಯೋ?" ಅಂದರು. ಕಿವಿ ಬಿಸಿಯಾಯಿತು. ಆದರೆ ಅವರು ಹೇಳಿದ್ದು ಸರಿ. ನಾವು ಕೇಳುವ ರೀತಿಯೇ ನೆನಪನ್ನು ತಿದ್ದುತ್ತದೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಎಂಬ ಮನಃಶಾಸ್ತ್ರಜ್ಞೆ ಮಾಡಿದ ಪ್ರಯೋಗ ನೋಡಿ. ಕಾರು ಅಪಘಾತದ ಒಂದೇ ಫಿಲ್ಮನ್ನು ಎಲ್ಲರಿಗೂ ತೋರಿಸಿದರು. 50 ಜನರನ್ನು ಕಾರುಗಳು "ಅಪ್ಪಳಿಸಿದಾಗ" ವೇಗ ಎಷ್ಟಿತ್ತು ಅಂತ ಕೇಳಿದರು, ಇನ್ನು 50 ಜನರನ್ನು "ತಾಗಿದಾಗ" ಅಂತ. ಒಂದು ವಾರ ಬಿಟ್ಟು, ಒಡೆದ ಗಾಜು ನೋಡಿದಿರಾ ಅಂದರೆ ಮೊದಲ ಗುಂಪಿನ 16 ಜನ ಹೌದು ಅಂದರು, ಎರಡನೇ ಗುಂಪಿನ 7 ಜನ. ಫಿಲ್ಮಿನಲ್ಲಿ ಗಾಜು ಒಡೆದೇ ಇರಲಿಲ್ಲ. ಒಂದು ಪದಕ್ಕೆ ಇಷ್ಟು ಶಕ್ತಿ ಇದ್ದರೆ, ವಾರ ವಾರ ಕುತೂಹಲದ ಕಣ್ಣು ಬಿಟ್ಟುಕೊಂಡು ಕೂತ ನನ್ನಂಥವಳ ಪ್ರಶ್ನೆಗೆ ಎಷ್ಟಿರಬೇಡ?

ಅದಕ್ಕೇ ಡಿಐಡಿ ಅನ್ನೋದನ್ನು ವೈದ್ಯರು ಮತ್ತು ಸಿನಿಮಾದವರು ಸೇರಿ ಬೆಳೆಸಿದರು ಅನ್ನುವ ವಾದವನ್ನು ನಾನು ತಳ್ಳಿಹಾಕೋದಿಲ್ಲ. ಅಮೆರಿಕದಲ್ಲಿ 70-80ರ ದಶಕಗಳಲ್ಲಿ ಕೇಸುಗಳು ಒಮ್ಮೆಗೇ ಏರಿದ್ದರಲ್ಲಿ ಅದರ ಪಾಲು ಇದೆ. ಹಾಗಂತ ನೋವೇ ಸುಳ್ಳು ಅನ್ನೋಕೆ ಆಗೋದಿಲ್ಲ. ಆ ಅಳತೆ ಪುಸ್ತಕದ ಉಬ್ಬಿದ ಹಾಳೆಯನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದ್ದೇನೆ. ಆಕೆ ನನ್ನ ಹತ್ತಿರ ಬರುವ ಮೊದಲೇ ಬರೆದದ್ದು ಅದು.

ನಮ್ಮ ಕಡೆ ಮಾತು ಬೇರೆ ಥರ ಇದೆ. ಮೈಮೇಲೆ ಬರೋದು. ಮಾರಮ್ಮನ ಜಾತ್ರೆಯಲ್ಲಿ ಪೂಜಾರಿಯ ಮೈಮೇಲೆ ದೇವಿ ಬರುತ್ತಾಳೆ, ಹೇಳಿಕೆ ಕೊಡುತ್ತಾಳೆ, ಆಮೇಲೆ ಅವರು ನೀರು ಕುಡಿದು ಮನೆಗೆ ಹೋಗಿ ಮುದ್ದೆ ಊಟ ಮಾಡುತ್ತಾರೆ. ಅದು ಕಾಯಿಲೆ ಅಲ್ಲ. ಅಮೆರಿಕದ ಆ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯೂ ಜನ ಒಪ್ಪಿದ ಆಚರಣೆಯ ಭಾಗವಾಗಿದ್ದರೆ ಅದನ್ನು ಕಾಯಿಲೆ ಅನ್ನಬೇಡಿ ಅಂತ ಹೇಳುತ್ತದೆ. ಅದೇ ಸಲ ಡಿಐಡಿಯ ಲಕ್ಷಣಗಳಲ್ಲಿ "ಬೇರೊಂದು ಶಕ್ತಿ ಮೈದುಂಬಿದ ಅನುಭವ" ಅನ್ನೋದನ್ನೂ ಸೇರಿಸಿದರು. ದೆವ್ವವೋ ದೇವರೋ ಬೇಡ ಬೇಡ ಅಂದರೂ ಬರುತ್ತದೆ, ಕೆಲಸ ಕೆಡುತ್ತದೆ, ಮಕ್ಕಳಿಗೆ ಊಟ ಇಲ್ಲ, ಆಕೆಗೇ ಸಂಕಟ ಅಂದರೆ ಆಗ ನೋಡಬೇಕು. ನಮ್ಮ ಆಸ್ಪತ್ರೆಗಳಲ್ಲಿ ಬಹು ವ್ಯಕ್ತಿತ್ವ ಅಂತ ಬರೆದುಕೊಳ್ಳೋದು ಬಹಳ ಅಪರೂಪ. ನಿಮ್ಹಾನ್ಸ್‌ನ 1999ರಿಂದ 2008ರವರೆಗಿನ ದಾಖಲೆ ನೋಡಿದವರಿಗೆ ಸಿಕ್ಕವರಲ್ಲಿ ಜಾಸ್ತಿ ಜನ ಕೈಕಾಲು ಸ್ವಾಧೀನ ತಪ್ಪಿದವರು, ಫಿಟ್ಸ್ ಥರ ಬರುವವರು. ನೋವು ಒಂದೊಂದು ಸೀಮೆಯಲ್ಲಿ ಒಂದೊಂದು ವೇಷ ಹಾಕುತ್ತದೆ. 1989ರಲ್ಲಿ ಭಾರತದ ವೈದ್ಯರು ಬರೆದ ಒಂದು ಲೇಖನದಲ್ಲಿ ನನಗೆ ಹಿಡಿಸಿದ ಒಂದು ವಿವರ ಇದೆ. ನಮ್ಮವರಲ್ಲಿ ಒಂದು ವ್ಯಕ್ತಿತ್ವದಿಂದ ಇನ್ನೊಂದಕ್ಕೆ ಹೊರಳೋದು ಎಷ್ಟೋ ಸಲ ನಿದ್ದೆಯ ದಾರಿಯಲ್ಲಿ. ಮಲಗಿ ಏಳುತ್ತಾರೆ, ಬೇರೆಯವರಾಗಿ ಏಳುತ್ತಾರೆ. ನಮ್ಮ ಟೈಲರ್ ಕೂಡ ಮಧ್ಯಾಹ್ನದ ನಿದ್ದೆಗೆ ಹೆದರುತ್ತಿದ್ದಳು. ಹೊಲಿಗೆಯ ನಡುವೆ ತೂಕಡಿಕೆ ಬಂದರೆ ಮುಖಕ್ಕೆ ತಣ್ಣೀರು ಹಾಕಿಕೊಳ್ಳುತ್ತಿದ್ದಳು.

ಇನ್ನು ಒಂದುಗೂಡುವ ವಿಷಯ. ಇದನ್ನು ವಿವರಿಸೋಕೆ ನಮ್ಮ ಏಳುಸುತ್ತಿನ ಕೋಟೆಯ ಗೋಡೆಗಳನ್ನು ಹೋಲಿಕೆ ಮಾಡೋಣ ಅಂತ ಬರೆದುಕೊಂಡಿದ್ದೆ. ಹೋದ ವಾರ ಕೋಟೆ ಹತ್ತಿದಾಗ ಮನಸ್ಸು ಬದಲಾಯಿತು. ಮೇಲೆ ಗೋಪಾಲಸ್ವಾಮಿ ಹೊಂಡದ ಹತ್ತಿರ ಸುಸ್ತಾಗಿ ಕೂತಿದ್ದೆ. ಅದು ತುಂಬಿದರೆ ಕೋಡಿ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಹಾಗೇ ಇಳಿದು ಊರೊಳಗಿನ ಸಂತೆ ಹೊಂಡದವರೆಗೆ. ನಮ್ಮ ಬರದ ಸೀಮೆಯಲ್ಲಿ ಪಾಳೇಗಾರರು ನೀರು ಉಳಿಸಿದ್ದು ಹೀಗೆ. ಯಾರೂ ಈ ಹೊಂಡಗಳ ಏರಿ ಒಡೆದು ಎಲ್ಲವನ್ನೂ ಒಂದೇ ದೊಡ್ಡ ಕೆರೆ ಮಾಡಲಿಲ್ಲ. ಮಾಡಿದ್ದರೆ ನೀರೆಲ್ಲ ಒಂದೇ ಮಳೆಗೆ ಕೆಳಗೆ ಕೊಚ್ಚಿಕೊಂಡು ಹೋಗುತ್ತಿತ್ತು. ಹೊಂಡ ಹೊಂಡವಾಗೇ ಇದೆ, ನೀರು ಮಾತ್ರ ಒಂದೇ.

ಚಿಕಿತ್ಸೆಯ ಭಾಷೆಯಲ್ಲಿ ಎರಡು ಮಾತಿವೆ. ಒಂದು ಇಂಟಿಗ್ರೇಷನ್, ಇನ್ನೊಂದು ಫ್ಯೂಷನ್. ಜನ ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಫ್ಯೂಷನ್ ಅಂದರೆ ಎರಡು ಭಾಗಗಳು ಒಂದು ಗಳಿಗೆಯಲ್ಲಿ ಸೇರಿ ಒಂದಾಗೋದು, ಆಮೇಲೆ ಬೇರೆ ಬೇರೆ ಅನ್ನಿಸದೇ ಇರೋದು. ಇಂಟಿಗ್ರೇಷನ್ ಅಂದರೆ ಅದಕ್ಕೆ ಮೊದಲೂ ಆಮೇಲೂ ನಡೆಯುವ ನಿಧಾನದ ಕೆಲಸ. ಒಬ್ಬರ ನೆನಪು ಇನ್ನೊಬ್ಬರಿಗೆ ತಿಳಿಯೋದು, ಒಬ್ಬರ ಭಯ ಇನ್ನೊಬ್ಬರಿಗೆ ಅರ್ಥವಾಗೋದು, ನೀರು ಹರಿಯೋದು. ಕೆಲವರು ಪೂರ್ತಿ ಒಂದಾಗುತ್ತಾರೆ. ಕೆಲವರು ಒಳಗಿನವರೆಲ್ಲ ಹೊಂದಿಕೊಂಡು ಮನೆ ನಡೆಸುವ ಹಾಗೆ ಬದುಕುತ್ತಾರೆ. ಎರಡೂ ಸರಿ. ಅತ್ತೆ ಸೊಸೆ ಮಾತಾಡಿಕೊಳ್ಳುವ ಮನೆ ಇದ್ದ ಹಾಗೆ, ಇಬ್ಬರೂ ಒಬ್ಬರೇ ಆಗಬೇಕಿಲ್ಲ. (ಇಲ್ಲಿ ಹೆಂಗಸರ ಸಾಲಿನಲ್ಲಿ ಜೋರು ನಗು.)

ದಾರಿ ಮೂರು ಹಂತದ್ದು. ಫ್ರಾನ್ಸ್‌ನ ಮನಃಶಾಸ್ತ್ರಜ್ಞ ಪಿಯರೆ ಜಾನೆ ನೂರು ವರ್ಷಕ್ಕೂ ಹಿಂದೆಯೇ ಇದನ್ನು ಕಂಡುಕೊಂಡಿದ್ದ. ಮೊದಲು ಸುರಕ್ಷತೆ, ಆಮೇಲೆ ನೆನಪು, ಆಮೇಲೆ ಕೂಡುವುದು. ಇದರಲ್ಲಿ ಮೊದಲನೆಯದಕ್ಕೇ ವರ್ಷಗಳು ಬೇಕಾಗಬಹುದು. ಡಿಐಡಿ ಇರುವವರಲ್ಲಿ ಪ್ರಾಣ ಕಳೆದುಕೊಳ್ಳೋಕೆ ಪ್ರಯತ್ನಿಸಿದವರು ಬಹಳ. ಹಾಗಾಗಿ ನಿದ್ದೆ, ಊಟ, ಮನೆಯಲ್ಲಿ ಹೊಡೆತ ಬಡಿತ ಇದೆಯಾ, ಕೈಗೆ ಸಿಗುವ ಹಾಗೆ ಕೀಟನಾಶಕ ಇದೆಯಾ, ಮೊದಲು ಅದು.

ನಮ್ಮ ಟೈಲರ್ ವಿಷಯದಲ್ಲಿ ಮೊದಲ ಹಂತದ ಕೆಲಸ ಮಾಡಿದ್ದು ಅದೇ ಅಳತೆ ಪುಸ್ತಕ. ಅದರ ಹಿಂಬದಿಯಿಂದ ಹತ್ತು ಪುಟ ಬಿಟ್ಟೆವು. ಯಾರು ಮುಂದೆ ಇದ್ದರೂ ಮಾಡಿದ ಕೆಲಸ ಅಲ್ಲಿ ಬರೆಯಬೇಕು. ಬೈಗುಳ ಬರೆಯಬಾರದು ಅಂತ ಒಂದು ನಿಯಮ. ಮೊದಲ ವಾರವೇ ನಿಯಮ ಮುರಿಯಿತು. ವಾಲಿದ ಅಕ್ಷರದವಳು ಜಗಳಗಂಟಿ. "ನೀನು ಹೆದರುಪುಕ್ಕಲಿ, ಗಿರಾಕಿ ದುಡ್ಡು ಕೊಡದೆ ಹೋದರೂ ಕೇಳಲ್ಲ, ನಾನೇ ಕೇಳಿ ಇಸ್ಕೊಂಡು ಬಂದೆ" ಅಂತ ಬರೆದಿದ್ದಳು. ಗುಂಡಗಿನ ಅಕ್ಷರದವಳು ಅದನ್ನು ಓದಿ ಅತ್ತಳು. ಆಮೇಲೆ ಬೀರು ತೆಗೆದು ನೋಡಿದರೆ ದುಡ್ಡು ಇತ್ತು. ಎರಡು ವರ್ಷದಿಂದ ಬಾಕಿ ಇದ್ದದ್ದು.

ಇನ್ನೊಂದು ದಿನ ಬಂದು ನಗುತ್ತಾ ಹೇಳಿದಳು. ಮನೆಯಲ್ಲಿ ಮೂರು ಪ್ಯಾಕೆಟ್ ಹೆಸರುಬೇಳೆ. ಗುಂಡಗಿನವಳು ಒಂದು ತಂದಿದ್ದಳು. ಜಗಳಗಂಟಿ ಮನೆಯಲ್ಲಿ ಬೇಳೆ ಇಲ್ಲ ಅಂದುಕೊಂಡು ಇನ್ನೊಂದು. ಮೂರನೆಯದು ಯಾರು ಅಂತ ಕೇಳಿದರೆ, ಚಿಕ್ಕೋಳಿಗೆ ಹೆಸರುಬೇಳೆ ಪಾಯಸ ಅಂದರೆ ಪ್ರಾಣ. ಪುಟದ ಕೆಳಗೆ ವಾಲಿದ ಅಕ್ಷರದಲ್ಲಿ ಒಂದು ಸಾಲು: "ಬೇಳೆ ಇದೆ. ಮತ್ತೆ ತರಬೇಡಿ." ನನಗೆ ಆ ಸಾಲು ಓದಿ ಕಣ್ಣು ತುಂಬಿತು. ಬೈಗುಳ ಇಲ್ಲ. ಎಲ್ಲರನ್ನೂ ಸೇರಿಸಿ ಬರೆದಿದ್ದಾಳೆ. ಕೋಡಿ ಬಿದ್ದದ್ದು ಅಲ್ಲಿ.

ಎರಡನೇ ಹಂತದ ಬಗ್ಗೆ ಹೆಚ್ಚು ಹೇಳೋದಿಲ್ಲ. ಅದು ಆಕೆಯದು. ಇಷ್ಟು ಹೇಳಬಹುದು. ಎಂಟು ವರ್ಷದವಳು ಹೊತ್ತಿದ್ದ ನೆನಪನ್ನು ದೊಡ್ಡವಳು ಸ್ವಲ್ಪ ಸ್ವಲ್ಪವೇ ತನ್ನ ಕೈಗೆ ತೆಗೆದುಕೊಂಡಳು. ಒಂದು ಸಲಕ್ಕೆ ಐದು ನಿಮಿಷ, ಹತ್ತು ನಿಮಿಷ. ಜಗಳಗಂಟಿ ಪಕ್ಕದಲ್ಲಿ ಕಾವಲು. ಒಂದು ದಿನ ಆಕೆ "ಅವಳಿಗೆ ಆಯ್ತು" ಅನ್ನುವ ಬದಲು "ನನಗೆ ಆಯ್ತು" ಅಂದಳು. ಅಂದವಳೇ ಸುಮ್ಮನಾದಳು. ಆ ದಿನ ಬೇರೆ ಏನೂ ಮಾತಾಡಲಿಲ್ಲ, ಟೀ ಕುಡಿದು ಹೊರಟೆವು.

ಒಂದಾಗುವುದು ಖುಷಿಯ ವಿಷಯ ಅಂತ ನಾವು ಹೊರಗಿನವರು ತಿಳಿಯುತ್ತೇವೆ. ಅವರಿಗೆ ಅದರಲ್ಲಿ ಸೂತಕವೂ ಇದೆ. ಇಷ್ಟು ವರ್ಷ ಒಳಗೆ ಯಾರೋ ಜೊತೆಗಿದ್ದರು, ಈಗ ಒಳಗೆ ನಿಶ್ಶಬ್ದ. ಚಿಕ್ಕೋಳ ದನಿ ಕೇಳದೇ ಆರು ತಿಂಗಳಾದಾಗ ಆಕೆ ಒಂದು ದಿನ ಪಾಯಸ ಮಾಡಿ, ತಿನ್ನೋಕಾಗದೆ ಹಾಗೇ ಇಟ್ಟಿದ್ದಳಂತೆ.

ಪ್ರಶ್ನೆಗಳಿಗೆ ಬರೋಣ.

ಮುಂದಿನ ಸಾಲಿನ ಹಿರಿಯರು ಇದಕ್ಕೆ ಮಾತ್ರೆ ಇಲ್ವಾ ಅಂತ ಕೇಳಿದರು. ಡಿಐಡಿಗೇ ಅಂತ ಮಾತ್ರೆ ಇಲ್ಲ ಯಜಮಾನರೇ. ನಿದ್ದೆ, ಖಿನ್ನತೆ, ಗಾಬರಿಗೆ ಕೊಡುತ್ತಾರೆ. ಅದು ಬೇಕಾಗುತ್ತದೆ ಕೂಡ. ಆದರೆ ಮುಖ್ಯ ಕೆಲಸ ಮಾತಿನದ್ದು.

ಒಬ್ಬ ಯುವಕ ಎದ್ದು, "ಮನೆಯವರು ಏನು ಮಾಡಬೇಕು ಮೇಡಂ? ಅವಳು ಬಂದಾಗ ಮಾತಾಡಿಸಬೇಕಾ, ಬಿಡಬೇಕಾ?" ಅಂದ. ಅವನ ದನಿಯಲ್ಲಿ ಸ್ವಂತದ್ದು ಏನೋ ಇತ್ತು. ಅದಕ್ಕೆ ನಿಧಾನವಾಗಿ ಹೇಳಿದೆ. ಮನೆಯವರೆಲ್ಲ ಕೇಳುವ ಒಂದು ಪ್ರಶ್ನೆ ಇದೆ: ನಿಜವಾದವಳು ಯಾರು? ಅದನ್ನು ಕೇಳೋದು ಬಿಡಿ. ಎಲ್ಲರೂ ಆಕೆಯೇ. ಜಗಳಗಂಟಿಯನ್ನು ಓಡಿಸಿ ಅಂತ ಕೂಡ ಕೇಳಬೇಡಿ. ಹೆಚ್ಚಾಗಿ ಮಗುವನ್ನು ಕಾಪಾಡಿದ್ದು ಅವಳೇ. ಹೆಸರು ಕೂಗಿ ಕರೆಯೋದು, ಬಂದವರನ್ನು ನೆಂಟರಿಗೆ ತೋರಿಸೋದು ಬೇಡ. ಗಾಬರಿಯಾದಾಗ ಇವತ್ತು ಯಾವ ದಿನ, ನಾವು ಎಲ್ಲಿದ್ದೇವೆ, ಬಾಗಿಲು ತೆರೆದೇ ಇದೆ ಅಂತ ಹೇಳಿ. ಏನು ನೆನಪಿದೆ ಅಂತ ಕೆದಕಬೇಡಿ. ಹೊಡೆಯೋದು, ಹೊಗೆ ಹಾಕೋದು ಅಂತೂ ಬೇಡವೇ ಬೇಡ. ಅದು ಹಳೇ ಗೋಡೆಗೆ ಹೊಸ ಕಲ್ಲು ಇಟ್ಟ ಹಾಗೆ.

ಎಲ್ಲಿಗೆ ಹೋಗಬೇಕು ಅಂತ ಒಬ್ಬ ಆಶಾ ಕಾರ್ಯಕರ್ತೆ ಕೇಳಿದರು. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ ಮಾದರಿಯಾಗಿ ಇಟ್ಟುಕೊಂಡು 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಿಂದ ಶುರು ಮಾಡಿ. ಫೋನಿನಲ್ಲಾದರೆ ಟೆಲಿ ಮಾನಸ್, 14416. ಹಗಲು ರಾತ್ರಿ ಇರುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮಗು ಈಗ ಅಪಾಯದಲ್ಲಿದೆ ಅನ್ನಿಸಿದರೆ 1098. ಬರೆದುಕೊಳ್ಳಿ ಅಮ್ಮಾ, ನಿಮ್ಮ ಊರಲ್ಲಿ ಮೊದಲು ಗೊತ್ತಾಗೋದು ನಿಮಗೇ.

ಕೊನೆಯ ಪ್ರಶ್ನೆ ಕಾಲೇಜು ಹುಡುಗಿಯೊಬ್ಬಳದು. "ಆ ಟೈಲರ್ ಈಗ ಹೇಗಿದ್ದಾರೆ? ಒಬ್ಬರೇ ಆದ್ರಾ?"

ಗೊತ್ತಿಲ್ಲಮ್ಮಾ. ಹೋದ ವರ್ಷ ದೀಪಾವಳಿಗೆ ಫೋನ್ ಮಾಡಿದ್ದಳು. ಹಬ್ಬದ ಹೊಲಿಗೆ, ಉಸಿರಾಡೋಕೂ ಬಿಡುವಿಲ್ಲ, ಹಿಂದುಗಡೆ ಮಿಷನ್ ಸದ್ದು ಬರುತ್ತಲೇ ಇತ್ತು. ಹೆಸರುಬೇಳೆ ಈಗ ಎಷ್ಟು ಪ್ಯಾಕೆಟ್ ತರ್ತೀಯಮ್ಮಾ ಅಂತ ತಮಾಷೆ ಮಾಡಿದೆ. "ಒಂದೇ ತರ್ತೀವಿ ಮೇಡಂ" ಅಂದಳು. ತರ್ತೀವಿ ಅಂದಳೋ, ತರ್ತೀನಿ ಅಂದಳೋ, ಆ ಮಿಷನ್ ಸದ್ದಿನಲ್ಲಿ ಸರಿಯಾಗಿ ಕೇಳಿಸಲಿಲ್ಲ. ಮನೆಯವರನ್ನೆಲ್ಲ ಸೇರಿಸಿಯೇ ಹೇಳಿರಬಹುದು, ನಮ್ಮ ಕಡೆ ಹೆಂಗಸರು ಮಾತಾಡೋದೇ ಹಾಗಲ್ವಾ. ನಾನು ತಿರುಗಿ ಕೇಳಲಿಲ್ಲ.